ದೋನಟ್ಟು

ಅತ್ತೆಯಾದವಳು ಅಳಿಯನ ಜತೆ ನೇರವಾಗಿ ಮಾತಾಡಬಾರದು ಎಂಬ ನಿಯಮವನ್ನು ಯಾರು ಮಾಡಿದರೋ ಗೊತ್ತಿಲ್ಲ. ಮಾಡಿದವರು ಅನುಭವಸ್ಥರು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಗೌನಿಪಲ್ಲಿಯ ದೊಡ್ಡಮುನಿಯಮ್ಮ ಬೈರಕೂರಿನ ಕದಿರೇಶನಿಗೆ ಅತ್ತೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಈ ಹದಿನಾಲ್ಕು ವರ್ಷಗಳಲ್ಲಿ ಆಕೆ ಅವನಿಗೆ ಹೇಳಬೇಕಾದುದನ್ನೆಲ್ಲ ತನ್ನ ಮಗಳು ರಜನಿಗೆ ಹೇಳಿದ್ದಳು. ರಜನಿ ಇಲ್ಲದಿದ್ದರೆ ಬಾಗಿಲಿಗೆ. ಬಾಗಿಲಿಲ್ಲದ ಕಡೆ ಕೋಳಿಗೆ. ಒಂದು ಸಲ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ, ಕದಿರೇಶ ತಪ್ಪು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಾಗ, ಆಕೆ ಪಕ್ಕದ ಕಂಬದ ಕಡೆ ತಿರುಗಿ ಈ ಬಸ್ಸು ಶ್ರೀನಿವಾಸಪುರಕ್ಕೆ ಹೋಗಲ್ಲ ಅಂತ ಅವರಿಗೆ ಯಾರಾದರೂ ಹೇಳಬಾರದಾ ಎಂದು ಕೇಳಿದ್ದಳು. ಕಂಬ ಹೇಳಲಿಲ್ಲ. ಕದಿರೇಶ ನಂಗಲಿಯವರೆಗೆ ಹೋಗಿ ವಾಪಸು ಬಂದ.

ನಿಯಮ ಅಂದಮೇಲೆ ನಿಯಮ. ಅವನಿಗೆ ಅದರಿಂದ ಬೇಸರವಿರಲಿಲ್ಲ. ಬೇಸರ ಶುರುವಾದದ್ದು ಹೋದ ವರ್ಷ, ಚಿಕ್ಕ ಅಳಿಯ ಮುರಳಿಮೋಹನ್ ಅತ್ತೆಯ ಮನೆಯ ಮೇಲೆ ಹತ್ತಿ ಟೀವಿಯ ಡಿಶ್ ತಿರುಗಿಸಿದ ದಿನ. ಮುರಳಿಮೋಹನ್ ನಂಗಲಿಯಲ್ಲಿ ಲಾರಿ ಆಫೀಸು ನೋಡಿಕೊಳ್ಳುವವನು, ಮೈಕೈ ತುಂಬಿಕೊಂಡವನು, ಶೀಟಿನ ಮೇಲೆ ಕಾಲಿಟ್ಟಾಗ ಶೀಟು ಕಿರ್ರೆಂದಿತು. ಆಗ ಅಂಗಳದಲ್ಲಿ ನಿಂತಿದ್ದ ದೊಡ್ಡಮುನಿಯಮ್ಮನ ಬಾಯಿಂದ, ಮಗಳನ್ನಾಗಲಿ ಬಾಗಿಲನ್ನಾಗಲಿ ಮುಟ್ಟದೆ, ನೇರವಾಗಿ ಹೊರಬಿತ್ತು: “ಜೋಪಾನ ಕಣಪ್ಪ ಮುರಳಿ.”

ಕದಿರೇಶ ಆ ಹೊತ್ತಿಗೆ ಕೆಳಗೆ ಏಣಿ ಹಿಡಿದುಕೊಂಡಿದ್ದ.

ಅಂದಿನಿಂದ ಚಿಕ್ಕ ಅಳಿಯನ ಮಟ್ಟಿಗೆ ನಿಯಮ ರದ್ದಾಯಿತು. ಬಾ ಮುರಳಿ, ಕೂತ್ಕೋ ಮುರಳಿ, ಇನ್ನೊಂದು ಮುದ್ದೆ ಮುರಳಿ. ಕದಿರೇಶನಿಗೆ ಮಾತ್ರ ಬಾಗಿಲ ಮೂಲಕವೇ ಸಂದಾಯ. ಅವನು ಬೈರಕೂರು ಪಂಚಾಯಿತಿಯ ವಾಟರ್‌ಮನ್. ದಿನ ಬಿಟ್ಟು ದಿನ ಊರಿಗೆ ನೀರು ಬಿಡುತ್ತಾನೆ. ನೀರು ಬಂದ ದಿನ ಊರು ನೀರನ್ನು ನೆನೆಯುತ್ತದೆ, ಬಾರದ ದಿನ ಅವನನ್ನು. ಇಂಥ ಬದುಕಿಗೆ ಒಗ್ಗಿಹೋದ ಮನುಷ್ಯ ಜಗತ್ತಿನಿಂದ ಹೆಚ್ಚೇನೂ ಕೇಳುವುದಿಲ್ಲ. ಅವನು ಕೇಳಿದ್ದು ಒಂದೇ. ಅತ್ತೆ ಒಂದು ಸಲ ತನ್ನ ಮುಖ ನೋಡಿ ಒಂದು ಮಾತಾಡಬೇಕು. ಬೈಗುಳವಾದರೂ ಪರವಾಗಿಲ್ಲ, ನೇರವಾಗಿ ಬರಬೇಕು.

ಜೂನ್ ಮೊದಲ ವಾರ ಅವನು ಮಗಳು ಗಂಗಾಲಕ್ಷ್ಮಿಯನ್ನು ಕೋಲಾರದ ಹಾಸ್ಟೆಲಿಗೆ ಬಿಡಲು ಹೋದ. ಹಾಸ್ಟೆಲಿನ ದಾರಿಯಲ್ಲಿ ಹೊಸದಾಗಿ ಒಂದು ಅಂಗಡಿ ಬಂದಿತ್ತು. ಮಗಳು ಅವನ ಕೈ ಹಿಡಿದು ಅದರ ಗಾಜಿನ ಪೆಟ್ಟಿಗೆಯ ಎದುರು ನಿಲ್ಲಿಸಿ ಅದು ಬೇಕು ಅಂದಳು.

ಪೆಟ್ಟಿಗೆಯೊಳಗೆ ಪುಟ್ಟ ಹಳದಿ ದೀಪ. ದೀಪದ ಕೆಳಗೆ ಸಾಲಾಗಿ ಕೂತಿದ್ದವು ಡೋನಟ್‌ಗಳು. ಕದಿರೇಶನ ಬದುಕು ಉಂಗುರಾಕಾರದ ವಸ್ತುಗಳ ನಡುವೆಯೇ ಕಳೆದಿತ್ತು. ವಾಷರು, ಕಪ್ಲಿಂಗು, ಗ್ಯಾಸ್ಕೆಟ್ಟು. ತಿನ್ನಬಹುದಾದ ವಾಷರನ್ನು ಅವನು ನೋಡಿರಲಿಲ್ಲ. ಅದರ ಮೈ ಹೊಳೆಯುತ್ತಿತ್ತು, ಆಗತಾನೇ ಪಾಲಿಶ್ ಹೊಡೆದ ಮಂಚದ ಕಾಲಿನ ಹಾಗೆ. ಆದರೆ ಅವನನ್ನು ದಂಗುಬಡಿಸಿದ್ದು ಮೈಯಲ್ಲ, ನಡುವಿನ ಖಾಲಿ ಜಾಗ. ಇಷ್ಟು ಜನರ ಎದುರಿಗೆ ಅಂಗಡಿಯವನು ನಡುವಿನ ಭಾಗವನ್ನೇ ಕೊಡದೆ ಮಾರುತ್ತಿದ್ದಾನೆ, ಒಬ್ಬರೂ ಕೇಳುತ್ತಿಲ್ಲ, ಎಲ್ಲರೂ ಸಂತೋಷವಾಗಿದ್ದಾರೆ. ಇದನ್ನು ಕಂಡುಹಿಡಿದವನು ಸಾಮಾನ್ಯನಲ್ಲ ಅನ್ನಿಸಿತು ಅವನಿಗೆ. ಒಂದು ಕಚ್ಚಿದ. ಮೋಡವನ್ನು ಎಣ್ಣೆಯಲ್ಲಿ ಕರಿದು ಸಕ್ಕರೆಯಲ್ಲಿ ಅದ್ದಿದಂತಿತ್ತು. ಮಗಳು ಅಪ್ಪಾ ಹೆಂಗಿದೆ ಅಂತ ಮೂರು ಸಲ ಕೇಳಿದಳು. ಅವನು ಇನ್ನೊಂದು ಸಲ ಕಚ್ಚಿದ.

ವಾಪಸು ಬರುವಾಗ ಬಸ್ಸಿನ ಕಿಟಕಿಯಾಚೆ ಮಾವಿನ ತೋಪುಗಳು ಓಡುತ್ತಿದ್ದವು. ಮುಳಬಾಗಿಲು ಬರುವಷ್ಟರಲ್ಲಿ ಅವನ ತಲೆಯಲ್ಲಿ ಎರಡು ವಿಷಯ ಕೂಡಿಕೊಂಡವು. ಒಂದು, ಹೋದ ವಾರ ಅತ್ತೆ ಕಳಿಸಿದ ಬಾದಾಮಿ ಮಾವಿನ ಹಣ್ಣಿನ ಬುಟ್ಟಿ ಮನೆಯಲ್ಲಿದೆ. ಎರಡು, ಡಿಶ್ ತಿರುಗಿಸುವುದು ಯಾರಿಗಾದರೂ ಬರುತ್ತದೆ.

ಊರಿಗೆ ಬಂದವನೇ ಹಾಲಿನ ಡೈರಿಯ ಮುಂದೆ ನಿಂತು ಪಕ್ಕದ ಮನೆ ಭಾರತಮ್ಮನಿಗೆ, ಕೋಲಾರದಲ್ಲಿ ಡೋನಟ್ ಅಂತ ಏನೋ ಮಾರುತ್ತಾರೆ, ಅದೇನು ಮಹಾ, ನಾನು ಮನೆಯಲ್ಲೇ ಮಾಡಬಲ್ಲೆ, ಅವರು ಚಾಕೊಲೇಟು ಬಳಿದರೆ ನಾನು ಮಾವಿನ ಹಣ್ಣನ್ನೇ ಬಳಿಯುತ್ತೇನೆ ಎಂದು ಹೇಳಿದ. ಈ ಮನುಷ್ಯ ಒಲೆ ಹಚ್ಚಿ ನೀರು ಕಾಯಿಸಿದ್ದನ್ನು ಕೂಡ ಭಾರತಮ್ಮ ನೋಡಿರಲಿಲ್ಲ. ಆದರೂ ಸುಮ್ಮನಿದ್ದಳು. ಮಾರನೆಯ ದಿನ ನೀರು ಬಿಡುವ ದಿನವಾಗಿತ್ತು.

ಸಂಜೆ ರಜನಿ ಹುರುಳಿಕಾಯಿ ಮುರಿಯುತ್ತ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅಮ್ಮನಿಗೆ ಕರೆ ಮಾಡಿದಳು. ಕದಿರೇಶ ಎದುರಿಗೆ ನಿಂತಿದ್ದ. ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಆಮೇಲೆ ಆದದ್ದಕ್ಕೆಲ್ಲ ಮೂಲ ಇದೇ.

“ಅಮ್ಮಾ, ಭಾನುವಾರ ನೀನು ಬರಬೇಕಂತೆ. ಅವರು ಡೋನಟ್ ಮಾಡ್ತಾರಂತೆ.”

“ಏನಟ್ಟು?”

“ಡೋನಟ್.”

“ದೋನಟ್ಟಾ? ಪೆಸರಟ್ಟು ಕೇಳಿದೀನಿ, ಮಿನಪಟ್ಟು ಕೇಳಿದೀನಿ. ಇದೇಮ್ ಅಟ್ಟು?”

ನಮ್ಮ ಕಡೆ ಮಾತು ಕನ್ನಡದಲ್ಲಿ ಬಸ್ಸು ಹತ್ತಿ ತೆಲುಗಿನಲ್ಲಿ ಇಳಿಯುವುದು ಸಾಮಾನ್ಯ. ತೆಲುಗಿನಲ್ಲಿ ಅಟ್ಟು ಅಂದರೆ ದೋಸೆ. ಅಲ್ಲಿಗೆ ದೊಡ್ಡಮುನಿಯಮ್ಮನ ಮನಸ್ಸಿನಲ್ಲಿ ಡೋನಟ್ ಒಂದು ಜಾತಿಯ ದೋಸೆಯಾಗಿ ಕಾವಲಿಯ ಮೇಲೆ ಕೂತಿತು. ರಜನಿ ಗಂಡನ ಕಡೆ ತಿರುಗಿ ಅದು ಎಂಥದ್ದು ಅಂತ ಅಮ್ಮ ಕೇಳ್ತಾಳೆ ಅಂದಳು. ಕದಿರೇಶ ಗಂಭೀರನಾದ. ನಡುಮಧ್ಯದಲ್ಲಿ ದೊಡ್ಡ ತೂತು ಇರುತ್ತದೆ ಅಂತ ಹೇಳು, ಅದೇ ಮುಖ್ಯ, ಅತ್ತೆ ಬಂದು ಕಣ್ಣಾರೆ ನೋಡಲೇಬೇಕು ಅಂತ ಹೇಳು ಎಂದ. ರಜನಿ ಅಕ್ಷರಶಃ ಹಾಗೆಯೇ ಹೇಳಿದಳು.

ಫೋನಿನ ಆಚೆ ಕಡೆ ದನಿ ತಗ್ಗಿತು.

“ತೂತು ಅಂತ ಅವರೇ ಹೇಳಿದ್ರಾ?”

“ಹೂಂನಮ್ಮಾ. ಇಲ್ಲೇ ಎದುರಿಗೆ ನಿಂತವ್ರೆ.”

“ದೊಡ್ಡದು ಅಂದ್ರಾ?”

“ಒಂದಿಂಚು ಅಂತವ್ರೆ.”

ಫೋನು ಇಟ್ಟ ಸದ್ದಾಯಿತು. ಎಲ್ಲರ ಮನೆ ದೋಸೆಯೂ ತೂತೇ ಎಂಬ ಮಾತು ಗೊತ್ತಿಲ್ಲದ ಕನ್ನಡಿಗರಿಲ್ಲ. ಆದರೆ ಆ ತೂತುಗಳು ಸಣ್ಣವು, ನೂರಾರು, ಲೆಕ್ಕಕ್ಕಿಲ್ಲದವು. ಅವುಗಳಿಂದ ಯಾವ ಸಂಸಾರವೂ ಸೋರಿಹೋಗಿಲ್ಲ. ಒಂದೇ ತೂತು, ಅದೂ ನಡುಮಧ್ಯ, ಅದೂ ಒಂದಿಂಚು ಅಂದರೆ ಅದು ದೋಸೆಯ ವಿಷಯವಲ್ಲ. ಜತೆಗೆ ಇನ್ನೊಂದನ್ನು ಮರೆಯಬಾರದು. ಹದಿನಾಲ್ಕು ವರ್ಷ ಅಳಿಯನೊಂದಿಗೆ ಸುತ್ತಿಬಳಸಿಯೇ ಮಾತಾಡಿದ ಹೆಂಗಸಿಗೆ, ಅಳಿಯನ ಮಾತು ನೆಟ್ಟಗೆ ಬರಬಹುದು ಎಂಬ ನಂಬಿಕೆಯೇ ಹೋಗಿಬಿಟ್ಟಿತ್ತು. ತಾನು ಬಾಗಿಲಿಗೆ ಹೇಳಿದಂತೆ ಅವನು ದೋಸೆಗೆ ಹೇಳುತ್ತಿದ್ದಾನೆ. ಮಗಳ ಸಂಸಾರದಲ್ಲಿ ದೊಡ್ಡ ತೂತು ಬಿದ್ದಿದೆ. ಬಂದು ಕಣ್ಣಾರೆ ನೋಡು ಎನ್ನುತ್ತಿದ್ದಾನೆ. ಪಾಪದ ಹುಡುಗಿ, ತನ್ನ ಮೇಲಿನ ದೂರನ್ನು ತಾನೇ ತನ್ನ ಬಾಯಿಂದ ಓದಿ ಹೇಳುತ್ತಿದ್ದಾಳೆ, ಹುರುಳಿಕಾಯಿ ಮುರಿಯುತ್ತ.

ದೊಡ್ಡಮುನಿಯಮ್ಮ ಸೆರಗು ಸುತ್ತಿಕೊಂಡು ನೇರ ಅಣ್ಣ ಮುನಿಯಲ್ಲಪ್ಪನ ಮನೆಗೆ ನಡೆದಳು.

ಮುನಿಯಲ್ಲಪ್ಪ ಗೌನಿಪಲ್ಲಿಯ ಸುತ್ತ ಮೂರು ಹೋಬಳಿಯ ಸಂಸಾರಗಳನ್ನು ಹೊಲಿದು ಕೊಟ್ಟವನು. ಹೆಗಲ ಮೇಲಿನ ಟವೆಲನ್ನು ಅವನು ಎಡಕ್ಕೆ ಹಾಕಿಕೊಂಡರೆ ಗಂಡಿನ ಕಡೆ ತಪ್ಪು, ಬಲಕ್ಕೆ ಹಾಕಿಕೊಂಡರೆ ಹೆಣ್ಣಿನ ಕಡೆ ತಪ್ಪು ಎಂದು ಜನ ತೀರ್ಪಿಗೆ ಮೊದಲೇ ತಿಳಿದುಕೊಳ್ಳುತ್ತಿದ್ದರು. ತಂಗಿ ಹೇಳಿದ್ದನ್ನೆಲ್ಲ ಕೇಳಿ ಅವನು ಟವೆಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಂದರೆ ವಿಷಯ ಅವನಿಗೂ ಹೊಸದು. ನಲವತ್ತು ವರ್ಷದಲ್ಲಿ ಗಂಡಂದಿರು ಹೆಂಡತಿಯ ಮೇಲೆ ಕೂಗಾಡಿ ದೂರು ಹೇಳಿದ್ದನ್ನು ಕೇಳಿದ್ದೇನೆ, ಕುಡಿದು ಹೇಳಿದ್ದನ್ನು ಕೇಳಿದ್ದೇನೆ, ಹೀಗೆ ಊಟಕ್ಕೆ ಕರೆದು ದೋಸೆಯಲ್ಲಿ ಬರೆದು ತೋರಿಸುತ್ತೇನೆ ಅಂದವನನ್ನು ಕಂಡಿಲ್ಲ, ನಿನ್ನ ಅಳಿಯ ನಾವು ಅಂದುಕೊಂಡಂಥ ಆಸಾಮಿಯಲ್ಲ ಎಂದ. ಆ ಮಾತಿನಲ್ಲಿ ಭಯವಿತ್ತು, ಸ್ವಲ್ಪ ಗೌರವವೂ ಇತ್ತು. ಅವಸರ ಬೇಡ, ಮೊದಲು ವರದಿ ತರಿಸೋಣ ಎಂದು ತೀರ್ಮಾನವಾಯಿತು. ಭಾರತಮ್ಮನ ತವರು ಗೌನಿಪಲ್ಲಿಯೇ ಆದದ್ದು ಅನುಕೂಲವಾಯಿತು.

ಅತ್ತ ಕದಿರೇಶ ಮುಳಬಾಗಿಲಿಗೆ ಹೋಗಿ, ಪರಿಚಯದ ಬೇಕರಿ ಅಮರನಾಥ್ ಹತ್ತಿರ ಹಿಟ್ಟು ಉಬ್ಬಿಸುವ ಈಸ್ಟ್ ಕೇಳಿದ. ಅಮರನಾಥ್ ಒಂದು ಪುಟ್ಟ ಪೊಟ್ಟಣ ಕೊಟ್ಟು, ಹುಷಾರು, ಇದಕ್ಕೆ ಜೀವ ಇದೆ, ತಣ್ಣೀರು ಹಾಕಿದರೆ ಮಲಗುತ್ತದೆ, ಬಿಸಿನೀರು ಹಾಕಿದರೆ ಸಾಯುತ್ತದೆ, ಹಸುಗೂಸಿಗೆ ಸ್ನಾನ ಮಾಡಿಸುವ ಹದದ ನೀರಿರಬೇಕು, ಮೇಲೆ ಒಂದು ಚಮಚ ಸಕ್ಕರೆ ತಿನ್ನಲು ಕೊಡಬೇಕು ಎಂದ. ಕದಿರೇಶ ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು, ಹಂಪು ಬಂದಲ್ಲೆಲ್ಲ ಬೈಕಿನ ವೇಗ ಇಳಿಸಿ, ಅದನ್ನು ಎಬ್ಬಿಸದಂತೆ ಊರಿಗೆ ತಂದ.

ಶುಕ್ರವಾರದ ಮೊದಲ ಪ್ರಯೋಗದಲ್ಲಿ ಅದು ಸತ್ತುಹೋಯಿತು. ಹಿಟ್ಟು ಇಟ್ಟಲ್ಲೇ ಇತ್ತು. ಕರಿದಾಗ ನಿಪ್ಪಟ್ಟಿಗೂ ಗಟ್ಟಿಯಾದ ಏನೋ ಬಂತು. ಕೋಳಿ ಅದನ್ನು ಒಂದು ಸಲ ಕುಕ್ಕಿ, ಕದಿರೇಶನ ಮುಖ ನೋಡಿ, ಬೇಲಿ ದಾಟಿ ಹೋಯಿತು. ಅವನು ಎದೆಗುಂದಲಿಲ್ಲ. ಗಾಳಿ ತಾಕಿದ್ದೇ ಕಾರಣ ಎಂದು ತೀರ್ಮಾನಿಸಿ ಶನಿವಾರ ಅಡುಗೆಮನೆಯ ಬಾಗಿಲು ಕಿಟಕಿ ಮುಚ್ಚಿ ಒಳಗೆ ಸೇರಿಕೊಂಡ. ರಜನಿಗೆ ಪ್ರವೇಶ ನಿಷೇಧಿಸಲಾಯಿತು. ಅವಳು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಸಾರು ಕಾಯಿಸಿದಳು.

ಭಾರತಮ್ಮ ಗೋಡೆಯ ಮೇಲಿಂದ ನೋಡಿದಳು. ಹತ್ತಿರ ಬಂದು ಏನಮ್ಮಾ ಸಮಾಚಾರ ಅಂದಳು. ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ ರಜನಿ, ಅವರ ತಲೆ ಕೆಟ್ಟಿದೆ ಅಕ್ಕಾ, ಮೂರು ದಿನದಿಂದ ನನ್ನ ಕಡೆ ತಿರುಗಿಯೂ ನೋಡಿಲ್ಲ ಎಂದಳು. ಹತ್ತು ನಿಮಿಷದೊಳಗೆ ಗೌನಿಪಲ್ಲಿಗೆ ವರದಿ ಹೋಯಿತು. ಒಂದೇ ಮನೆಯಲ್ಲಿ ಒಲೆ ಎರಡಾಗಿವೆ. ಹುಡುಗಿ ಅಳುತ್ತಿದ್ದಾಳೆ. ಅವನು ಅಡುಗೆಮನೆಗೆ ಅಗಳಿ ಹಾಕಿಕೊಂಡಿದ್ದಾನೆ.

ಭಾರತಮ್ಮ ಅಷ್ಟಕ್ಕೇ ನಿಲ್ಲುವವಳಲ್ಲ. ಕಿಟಕಿಯ ಸಂದಿಗೆ ಕಣ್ಣು ಹಚ್ಚಿದಳು. ಒಳಗೆ ಸ್ಟೂಲಿನ ಮೇಲೆ ಒಂದು ಪಾತ್ರೆ, ಪಾತ್ರೆಯ ಮೇಲೆ ಒದ್ದೆ ಬಟ್ಟೆ. ಕದಿರೇಶ ಅದರ ಮುಂದೆ ಕೂತಿದ್ದ. ಬಟ್ಟೆ ಮೆಲ್ಲಗೆ ಮೇಲೆದ್ದಿತ್ತು. ಯಾರೂ ಮುಟ್ಟುತ್ತಿಲ್ಲ, ಆದರೂ ನೋಡುತ್ತಿದ್ದಂತೆ ಅದು ಇನ್ನಷ್ಟು ಉಬ್ಬುತ್ತಿತ್ತು, ಮಲಗಿದ ಮಗುವಿನ ಹೊಟ್ಟೆಯ ಹಾಗೆ. ಕದಿರೇಶ ಬಟ್ಟೆಯ ಅಂಚು ಎತ್ತಿದ. ಬೆಳಿಗ್ಗೆ ಪಾತ್ರೆಯ ತಳದಲ್ಲಿದ್ದ ಹಿಟ್ಟು ಈಗ ಬೆಳ್ಳಗೆ, ದುಂಡಗೆ, ಅಂಚು ಮೀರಿ ಎದ್ದುನಿಂತಿತ್ತು. ಬೆರಳಿಂದ ಒತ್ತಿದ. ಗುಳಿ ಬಿತ್ತು. ಗುಳಿ ತಾನೇ ತಾನಾಗಿ ನಿಧಾನಕ್ಕೆ ತುಂಬಿಕೊಂಡಿತು. ಅವನಿಗೆ ಅರಿವಿಲ್ಲದೆ ಎರಡು ಕೈಗಳೂ ಮುಗಿದುಕೊಂಡವು. ನಿಜ ಹೇಳಬೇಕೆಂದರೆ ಕಿಟಕಿಯಾಚೆ ಭಾರತಮ್ಮನ ಕೈಗಳೂ ಮುಗಿದುಕೊಂಡವು. ಆದರೆ ಅದು ವರದಿಯಲ್ಲಿ ಸೇರಲಿಲ್ಲ. ವರದಿಯಲ್ಲಿ ಸೇರಿದ್ದು, ಅವನು ಏನೋ ಒಂದನ್ನು ಬಟ್ಟೆ ಹೊದಿಸಿ ಮಲಗಿಸಿ ಕೈಮುಗಿಯುತ್ತಿದ್ದಾನೆ ಎಂಬುದು ಮಾತ್ರ.

ಮುನಿಯಲ್ಲಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಹೊರಡೋಣ ಎಂದ. ಯಾವ ಹೆಗಲು ಅಂತ ಯಾರಿಗೂ ಗೊತ್ತಾಗದ ಹಾಗೆ ಕತ್ತಿನ ಸುತ್ತ ಹಾಕಿಕೊಂಡಿದ್ದ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬೈರಕೂರಿನಲ್ಲಿ ಒಂದು ಟೆಂಪೋ ಬಂದು ನಿಂತಿತು. ಓಡಿಸಿಕೊಂಡು ಬಂದವನು ಮುರಳಿಮೋಹನ್. ಮುಂದೆ ದೊಡ್ಡಮುನಿಯಮ್ಮ, ಹಿಂದೆ ಮುನಿಯಲ್ಲಪ್ಪ ಮತ್ತು ಬಿಳಿ ಪಂಚೆಯ ನಾಲ್ವರು ಹಿರಿಯರು. ಅತ್ತೆಯೊಬ್ಬಳನ್ನೇ ಕರೆದಿದ್ದ ಕದಿರೇಶ ಹೊಸಿಲಲ್ಲಿ ನಿಂತು ಆ ಟೆಂಪೋವನ್ನು ನೋಡಿದ. ತನ್ನ ಡೋನಟ್ ನೋಡಲು ಗೌನಿಪಲ್ಲಿಯ ಹಿರಿಯರೆಲ್ಲ ಎದ್ದು ಬಂದಿದ್ದಾರೆ. ಅವನ ಕಣ್ಣು ತುಂಬಿಬಂತು. ಅವನ ಕಣ್ಣು ತುಂಬಿದ್ದನ್ನು ಹಿರಿಯರೂ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದೊಡ್ಡಮುನಿಯಮ್ಮ ಯಾರ ಕಡೆಯೂ ನೋಡದೆ ಮಗಳ ಕೈ ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಮರೆಮಾಡಿಕೊಂಡಳು. ಹಿರಿಯರು ನಡುಮನೆಯ ಚಾಪೆಯ ಮೇಲೆ ಕೂತರು. ಕದಿರೇಶ ಎಲ್ಲರಿಗೂ ನೀರು ಕೊಟ್ಟು, ಒಳಗೆ ಇನ್ನೂ ಆರಬೇಕು, ಆರಿದರೇನೇ ಹೊಳಪು ಕೂರೋದು, ಹತ್ತು ನಿಮಿಷ ಎಂದ. ಮುನಿಯಲ್ಲಪ್ಪ ಗಂಟಲು ಸರಿಮಾಡಿಕೊಂಡ.

“ಕದಿರೇಶಪ್ಪ, ಮುಚ್ಚುಮರೆ ಬೇಡ. ಇದು ಯಾವಾಗಿಂದ?”

“ಕೋಲಾರದಲ್ಲಿ ನೋಡಿದಾಗಿಂದ ಮಾವ.”

ಕೋಲಾರದ ಹೆಸರು ಬರುತ್ತಿದ್ದಂತೆ ಹಿರಿಯರು ಚಾಪೆಯ ಮೇಲೆ ಮುಂದಕ್ಕೆ ಸರಿದರು. ಯಾರ ಜೊತೆ ಹೋಗಿದ್ದೆ ಎಂದು ಒಬ್ಬ ಹಿರಿಯ ಕೇಳಿದ. ಮಗಳ ಜೊತೆ, ಮಗಳೇ ಕೈ ಹಿಡಿದು ತೋರಿಸಿದ್ದು ಎಂದ ಕದಿರೇಶ. ಆ ಹಿರಿಯ ಕಿವಿಗೆ ಕೈ ಇಟ್ಟುಕೊಂಡ. ಮುನಿಯಲ್ಲಪ್ಪ ದನಿ ತಗ್ಗಿಸಿದ.

“ನೋಡೋಕೆ ಹೆಂಗಿತ್ತು?”

“ಏನಂತ ಹೇಳ್ಲಿ ಮಾವ. ಗಾಜಿನ ಹಿಂದೆ, ದೀಪದ ಕೆಳಗೆ, ಮೈಯೆಲ್ಲಾ ಹೊಳೀತಿತ್ತು. ಅದನ್ನ ಕಂಡ ಮೇಲೆ ಮನೇದು ಯಾವುದೂ ನಾಲಿಗೆಗೆ ಹತ್ತಲಿಲ್ಲ. ಇನ್ನು ಇದನ್ನ ಮನೆಗೇ ತರಬೇಕು ಅಂತ ಬಸ್ಸಲ್ಲೇ ತೀರ್ಮಾನ ಮಾಡಿಬಿಟ್ಟೆ.”

ಗಂಡಸು ತಪ್ಪು ಒಪ್ಪಿಕೊಳ್ಳುವಾಗ ತಲೆ ತಗ್ಗಿಸುತ್ತಾನೆ ಎಂಬುದು ಮುನಿಯಲ್ಲಪ್ಪನ ನಲವತ್ತು ವರ್ಷದ ಅನುಭವ. ಇವನ ಮುಖ ಬೆಳಗುತ್ತಿತ್ತು. ಮುರಳಿಮೋಹನ್ ಗೋಡೆಗೆ ಒರಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ, ಷಡ್ಡಕನ ಬಗ್ಗೆ ಇಷ್ಟು ದಿನ ತನಗೆ ಏನೂ ಗೊತ್ತಿರಲಿಲ್ಲ ಎಂಬಂತೆ. ಮುನಿಯಲ್ಲಪ್ಪ ಕೊನೆಯ ಪ್ರಯತ್ನ ಮಾಡಿದ. ಆದದ್ದು ಆಯಿತು, ಊರಮುಂದೆ ಇದು ಬೇಡ, ಹೇಗಾದರೂ ಮಾಡಿ ಆ ತೂತು ಮುಚ್ಚಿಬಿಡಬಹುದಲ್ಲ, ಎಲ್ಲರೂ ಹಾಗೇ ತಾನೇ ಬಾಳುತ್ತಿರುವುದು ಎಂದ.

ಕದಿರೇಶ ತಲೆಯಾಡಿಸಿದ. ತೂತು ಮುಚ್ಚುವ ಮಾತನ್ನು ಅವನು ಪೈಪುಗಳ ವಿಷಯದಲ್ಲಿ ದಿನಾ ಕೇಳುವವನು. ಆದರೆ ಇದು ಬೇರೆ. ಈ ಮೂರು ದಿನಗಳಲ್ಲಿ ಬಾಣಲೆಯ ಮುಂದೆ ನಿಂತು ಕಲಿತದ್ದನ್ನು ಅವನು ಹೇಳಿದ. ಶನಿವಾರ ಒಂದು ಸಲ ತೂತಿಲ್ಲದೆ ಕರಿದು, ಹೊರಗೆ ಕೆಂಪಾಗಿ ಒಳಗೆ ಹಸಿಹಿಟ್ಟು ಉಳಿದು ಬುದ್ಧಿ ಕಲಿತಿದ್ದ.

“ಮುಚ್ಚಬಾರದು ಮಾವ. ಮುಚ್ಚಿದ್ರೆ ಹೊರಗೆ ಚೆನ್ನಾಗಿ ಕಾಣ್ತದೆ, ಒಳಗೆ ಹಸಿ ಉಳಿದುಬಿಡ್ತದೆ. ನಡುವೆ ತೂತು ಇರೋದ್ರಿಂದ್ಲೇ ಕಾವು ಎಲ್ಲಾ ಕಡೆ ಹೋಗೋದು. ತೂತು ಇರೋದ್ರಿಂದ್ಲೇ ಅದು ಪೂರ್ತಿ ಬೇಯೋದು.”

ಮುನಿಯಲ್ಲಪ್ಪ ಟವೆಲನ್ನು ಕತ್ತಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಲವತ್ತು ವರ್ಷ ಅವನು ಮೂರು ಹೋಬಳಿಯಲ್ಲಿ ತೂತು ಮುಚ್ಚುತ್ತಲೇ ಬಂದಿದ್ದ. ಮುಚ್ಚಿದ ಸಂಸಾರಗಳೆಲ್ಲ ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು. ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದವು. ಕಿವಿಗೆ ಕೈ ಇಟ್ಟುಕೊಂಡಿದ್ದ ಹಿರಿಯ ಕೈ ತೆಗೆದ. ಇನ್ನೊಬ್ಬ, ಹೆಂಡತಿಯ ಜತೆ ಆರು ತಿಂಗಳಿಂದ ಮಾತು ಬಿಟ್ಟಿದ್ದವನು, ಅದನ್ನ ಇನ್ನೊಂದ್ಸಲ ಹೇಳಪ್ಪ ಎಂದ. ಒಬ್ಬ ವಾಟರ್‌ಮನ್ನನ ಬಾಯಿಂದ ಇಂಥ ಮಾತು ಬರುತ್ತದೆ ಎಂದು ಅವರು ಎಣಿಸಿರಲಿಲ್ಲ. ನೀರಿನ ಜತೆ ಇರುವವರು ಆಳವಾಗಿರುತ್ತಾರೆ ಎಂದು ಮುನಿಯಲ್ಲಪ್ಪ ಪಕ್ಕದವನ ಕಿವಿಯಲ್ಲಿ ಹೇಳಿದ. ನಿಜಕ್ಕೂ ಹೇಳಿದ.

ಈ ಹೊತ್ತಿಗೆ ಒಳಕೋಣೆಯಲ್ಲಿ ದೊಡ್ಡಮುನಿಯಮ್ಮ ಮಗಳಿಗೆ ನೀನೇನು ತಪ್ಪು ಮಾಡಿದೆ ಹೇಳಿಬಿಡು ಎಂದು ಕೇಳಿ, ಮಗಳು ಯಾವ ತಪ್ಪು ಎಂದು ಕೇಳಿ, ತಾಯಿ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಬಾಗಿಲು ತೆರೆದುಕೊಂಡಿತು. ರಜನಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಬಂದಳು.

“ಏನ್ರೀ, ನನ್ನ ಮೇಲೆ ನಮ್ಮಮ್ಮನಿಗೆ ಚಾಡಿ ಹೇಳಿದ್ರಂತೆ. ಅದೂ ನನ್ನ ಫೋನಲ್ಲೇ.”

“ಯಾವಾಗ?”

“ನಮ್ಮನೆ ದೋಸೆ ನಡುಮಧ್ಯ ತೂತು ಅಂತ.”

“ಯಾವ ದೋಸೆ?”

ರಜನಿ ಅಮ್ಮನ ಕಡೆ ತಿರುಗಿದಳು. ಅಮ್ಮ ಬಾಗಿಲ ಮರೆಯಿಂದ ಬಾಗಿಲಿಗೆ, ದೋನಟ್ಟು ಅಂತ ಹೇಳ್ಲಿಲ್ವಾ ಎಂದಳು. ಟೆಂಪೋ, ಬಿಳಿ ಪಂಚೆಗಳು, ಟವೆಲು, ಕೋಲಾರ, ಎಲ್ಲವೂ ಕದಿರೇಶನ ತಲೆಯಲ್ಲಿ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಇವರ್ಯಾರೂ ತಿನ್ನಲು ಬಂದವರಲ್ಲ. ಅವನು ಅಡುಗೆಮನೆಗೆ ಹೋಗಿ, ಎರಡೂ ಕೈಯಲ್ಲಿ ದೊಡ್ಡ ತಟ್ಟೆ ಹಿಡಿದು ಬಂದು ಚಾಪೆ ನಡುವೆ ಇಟ್ಟ.

ಇಪ್ಪತ್ನಾಲ್ಕು ಇದ್ದವು. ಮೂರಿಂಚಿನ ಹೊಸ ಕಪ್ಲಿಂಗನ್ನು ಬಿಸಿನೀರಲ್ಲಿ ತೊಳೆದು ಅದರಿಂದ ಹಿಟ್ಟನ್ನು ಒತ್ತಿ, ಒಂದಿಂಚಿನ ಪೈಪಿನ ತುಂಡಿನಿಂದ ನಡುವನ್ನು ತೆಗೆದಿದ್ದ. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಎಣ್ಣೆಯಲ್ಲಿ ತೇಲಿ ಕರಿದ ಗುರುತಾಗಿ ಪ್ರತಿಯೊಂದರ ಸೊಂಟಕ್ಕೂ ಒಂದು ಬಿಳಿ ಪಟ್ಟಿ. ಬಾದಾಮಿ ಹಣ್ಣಿನ ರಸವನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ, ಸಕ್ಕರೆ ಪುಡಿಯನ್ನೂ ಬೆಣ್ಣೆಯನ್ನೂ ಕೂಡಿಸಿ, ಅದರಲ್ಲಿ ಅದ್ದಿ, ಮಗುಚಿದ ಜರಡಿಯ ಮೇಲೆ ಆರಲು ಬಿಟ್ಟಿದ್ದ. ಈಗ ಆ ರಸ ಗಾಜಿನ ಹಾಗೆ ಹೊಳೆಯುತ್ತ ಬಿಗಿದುಕೊಂಡಿತ್ತು. ಬಾಗಿಲಿಂದ ಬಂದ ಬಿಸಿಲು ತಟ್ಟೆಗೆ ಬಿದ್ದು, ಅಲ್ಲಿಂದ ಎದ್ದು, ಆರು ಗಂಡಸರ ಮುಖವನ್ನೂ ಹಳದಿ ಮಾಡಿತು. ಮಾವಿನ ವಾಸನೆ ಮೊದಲು ನಡುಮನೆಯನ್ನು ತುಂಬಿತು, ಆಮೇಲೆ ಒಳಕೋಣೆಯನ್ನು, ಆಮೇಲೆ ಗೋಡೆಯಾಚೆ ನಿಂತಿದ್ದ ಭಾರತಮ್ಮನನ್ನು. ಮಾವನ್ನು ಹುಟ್ಟಿದಾಗಿನಿಂದ ತಿಂದು, ಮಾರಿ, ಕೊಳೆಸಿ, ದನಕ್ಕೆ ಹಾಕಿ, ಅದರ ಹೆಸರೆತ್ತಿದರೆ ಆಕಳಿಸುವ ಆ ಜನ, ಅದನ್ನು ಮೊದಲ ಸಲ ನೋಡುವವರಂತೆ ನೋಡಿದರು.

ಮುನಿಯಲ್ಲಪ್ಪ ಒಂದನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿದ. ತೀರ್ಪು ಕೊಡುವವನು ತಪ್ಪು ತಿಳಿದೆ ಎಂದು ಒಪ್ಪಿಕೊಳ್ಳುವಂತಿಲ್ಲ. ನಾನು ಮೊದಲೇ ಅಂದುಕೊಂಡೆ ಎಂದು ಹೇಳಿ ಕಚ್ಚಿದ. ಆಮೇಲೆ ಇನ್ನೊಂದು ಸಲ ಕಚ್ಚಿದ. ಉಳಿದವರೂ ತಟ್ಟೆಗೆ ಕೈ ಚಾಚಿದರು. ಹೆಂಡತಿಯ ಜತೆ ಮಾತು ಬಿಟ್ಟಿದ್ದವನು ಒಂದನ್ನು ತಿಂದು, ಇನ್ನೊಂದನ್ನು ಕರ್ಚೀಫಿನಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡ. ಮುರಳಿಮೋಹನ್ ಮೂರನೆಯದಕ್ಕೆ ಕೈ ಹಾಕಿದ.

ಕದಿರೇಶನ ಕಣ್ಣು ಒಳಬಾಗಿಲಿನ ಮೇಲೇ ಇತ್ತು. ಒಂದು ಪುಟ್ಟ ತಟ್ಟೆಯಲ್ಲಿ ಒಂದನ್ನಿಟ್ಟು ರಜನಿಯ ಕಡೆ ಚಾಚಿ, ಅತ್ತೆಗೆ ಕೊಟ್ಟು ರುಚಿ ನೋಡಬೇಕಂತೆ ಅಂತ ಹೇಳು ಎಂದ. ರಜನಿ ಕೈ ಚಾಚಲಿಲ್ಲ.

“ನಾನು ಹೇಳಲ್ಲ. ನಾನು ನಡುವೆ ನಿಂತು ಹೇಳಿದ್ದಕ್ಕೇ ಒಂದು ಟೆಂಪೋ ಜನ ಬಂದವ್ರೆ. ಬೇಕಾದ್ರೆ ನೀವೇ ಹೋಗಿ ಹೇಳ್ಕೊಳ್ಳಿ.”

ಹೇಳಿ ಚಾಪೆಯ ಅಂಚಿಗೆ ಕೂತು ತಾನೂ ಒಂದು ತೆಗೆದುಕೊಂಡಳು.

ನಡುಮನೆಯಿಂದ ಒಳಕೋಣೆಗೆ ಎಂಟು ಹೆಜ್ಜೆ. ಕದಿರೇಶ ಅದನ್ನು ನಡೆದ. ಬಾಗಿಲ ಹತ್ತಿರ ನಿಂತು, ಮುಖ ಪಕ್ಕಕ್ಕೆ ತಿರುಗಿಸಿ ತಟ್ಟೆಯನ್ನು ಒಳಗೆ ಚಾಚಿದ. ತುಂಬ ಹೊತ್ತಿನ ಮೇಲೆ ತಟ್ಟೆ ಹಗುರಾಯಿತು.

ದೊಡ್ಡಮುನಿಯಮ್ಮ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ತನ್ನ ತೋಪಿನ ಹಣ್ಣು ಎಂದು ಆಕೆಗೆ ವಾಸನೆಯಲ್ಲೇ ಗೊತ್ತಾಗಿತ್ತು. ಆದರೆ ಅದು ಇಂಥ ರೂಪ ತಾಳಬಹುದೆಂದು ಗೊತ್ತಿರಲಿಲ್ಲ. ಸಿಪ್ಪೆಯಿಲ್ಲ, ನಾರಿಲ್ಲ, ವಾಟೆಯಿಲ್ಲ, ಬರೀ ಹೊಳಪು. ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಕಣ್ಣಿಗೆ ಹತ್ತಿರ ತಂದು ಆ ಒಂದಿಂಚಿನ ತೂತಿನ ಮೂಲಕ ಬಾಗಿಲಾಚೆ ನೋಡಿದಳು. ಆಚೆ ಕದಿರೇಶನ ಮುಖವಿತ್ತು. ಅವನು ಇತ್ತ ತಿರುಗಿದ್ದ. ಹದಿನಾಲ್ಕು ವರ್ಷದಲ್ಲಿ ಆಕೆ ಆ ಮುಖವನ್ನು ಇಷ್ಟು ದಿಟ್ಟಿಸಿ ನೋಡಿರಲಿಲ್ಲ. ಹುಬ್ಬಿನ ಮೇಲೆ ಒಂದು ಕಡೆ ಮೈದಾ ಅಂಟಿತ್ತು.

ಕೈ ಇಳಿಸಿ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ನಡುಮನೆಯಲ್ಲಿ ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು. ಆಕೆ ಕಣ್ಣು ತೆರೆದಾಗ ನೋಡಿದ್ದು ಬಾಗಿಲನ್ನಲ್ಲ, ಅವನನ್ನು.

“ಉಪ್ಪು ಒಂಚೂರು ಕಮ್ಮಿ ಕಣಪ್ಪ.”

ಈ ದಿನಕ್ಕೆಂದು ಕದಿರೇಶ ಎಷ್ಟೋ ಉತ್ತರಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದ. ವಾಲ್ವು ತಿರುಗಿಸುವಾಗ, ಟ್ಯಾಂಕಿನ ಮೆಟ್ಟಿಲು ಹತ್ತುವಾಗ ಹೇಳಿಕೊಂಡು ಅಭ್ಯಾಸ ಮಾಡಿದ್ದ. ಒಂದೂ ಸಿಗಲಿಲ್ಲ. ಅತ್ತೆ ಇನ್ನೂ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಸುತ್ತ ನೋಡಿ, ಚಾಪೆಯ ಕಡೆಗೆ ತಿರುಗಿದ.

“ಮುರಳಿ, ಮುಂದಿನ ಸಲ ಸರಿಯಾಗಿ ಹಾಕ್ತೀನಿ ಅಂತ ಅತ್ತೆಗೆ ಹೇಳಪ್ಪ.”

ಮುರಳಿಮೋಹನನ ಬಾಯಿ ತುಂಬಿತ್ತು. ಅವನು ಒಂದು ನಿಮಿಷ ಎಂಬಂತೆ ಕೈ ಎತ್ತಿ, ಅವಸರ ಅವಸರವಾಗಿ ನುಂಗಲು ನೋಡಿದ. ದೊಡ್ಡಮುನಿಯಮ್ಮ ಕಾಯಲಿಲ್ಲ.

“ಕೇಳಿಸ್ತು,” ಎಂದಳು.